ಜನತಾ ಬಜಾರ್: ಸರತಿಯ ಸಾಲು ಕರಗಿದ ಮೇಲೆ

ತಳಕಲ್‌ನಿಂದ ಗದಗಿನ ರೈಲು ಹತ್ತಿದವರಿಗೆ ದಾರಿಯಲ್ಲಿ ಕಣಗಿನಹಾಳ ಸಿಗುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ರೈತರೇ ಪಾಲುಹಣ ಕೂಡಿಸಿ ತಮ್ಮವರಿಗೆ ಸಾಲ ಕೊಟ್ಟರು. ಜನತಾ ಬಜಾರ್ ಬಂದದ್ದೂ ಸಹಕಾರದ ಹೆಸರಿನಲ್ಲೇ. ಆದರೆ ಅದರ ಹುಟ್ಟು ಬೇರೆ.

1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆಗಳ ಚಿಂತೆ ಹತ್ತಿ, ಕೇಂದ್ರ ಸರಕಾರ ಬಳಕೆದಾರರ ಸಹಕಾರಿ ಮಳಿಗೆಗಳಿಗೆ ಬಂಡವಾಳ ಒದಗಿಸತೊಡಗಿತು. 1966ರ ಜೂನಿನಲ್ಲಿ ರೂಪಾಯಿ ಅಪಮೌಲ್ಯವಾಯಿತು. ಮರುತಿಂಗಳೇ ದಿಲ್ಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ಅಂಥ ಮಳಿಗೆಗಳು ನಮ್ಮ ನಗರಗಳಲ್ಲಿ ಜನತಾ ಬಜಾರ್ ಎನಿಸಿದವು. ಬೇಳೆ, ಬಟ್ಟೆ, ಪಾತ್ರೆ, ನೋಟುಬುಕ್ಕು ಎಲ್ಲವೂ ಒಂದೇ ಸೂರಿನಡಿ. ಚೌಕಾಸಿಯಿಲ್ಲ, ತೂಕದಲ್ಲಿ ಮೋಸವಿಲ್ಲವೆಂಬ ಭರವಸೆ, ಕೈಗೆ ರಸೀದಿ. ಸಕ್ಕರೆ, ಎಣ್ಣೆಗೆ ಬರ ಬಂದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಜನ ಸಾಲು ನಿಂತರು.

ಆದರೆ ಸಾಲಿನಲ್ಲಿ ನಿಂತವರು ಬಹುಪಾಲು ಗಿರಾಕಿಗಳು, ಸಂಘದ ಒಡೆಯರಲ್ಲ. ಕಣಗಿನಹಾಳದ ರೈತನಿಗಿದ್ದ 'ಇದು ನಮ್ಮದು' ಎಂಬ ಹಟ ಇಲ್ಲಿ ಬೆಳೆಯಲಿಲ್ಲ. ಅಭಾವವೇ ಈ ಅಂಗಡಿಯ ಬಲವಾಗಿತ್ತೆನ್ನಬೇಕು. 1991ರ ನಂತರ ಸಾಮಾನು ಎಲ್ಲೆಡೆ ಸಿಗತೊಡಗಿದಾಗ ಆ ಬಲವೂ ಹೋಯಿತು. ಓಣಿಯ ಕಿರಾಣಿಯವನು ಉದ್ರಿ ಕೊಡುತ್ತಾನೆ, ಮುಖ ನೋಡಿ ಮಾತಾಡಿಸುತ್ತಾನೆ. ಆಮೇಲೆ ಬಂದ ಮಾಲ್‌ಗಳಲ್ಲಿ ತಂಪು ಗಾಳಿಯಾದರೂ ಉಂಟು!

ದಿಲ್ಲಿಯ ಸೂಪರ್ ಬಜಾರ್ 2002ರಲ್ಲಿ ಬಾಗಿಲು ಹಾಕಿತು. ನಮ್ಮ ಕೆಲವು ಊರುಗಳಲ್ಲಿ ಜನತಾ ಬಜಾರ್ ಇಂದಿಗೂ ಉಸಿರಾಡುತ್ತಿದೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರ್ ಕಟ್ಟಡವನ್ನು ಕೆಡವುವ ವಿಚಾರ 2019ರಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ವಾದ ಹಳೆಯ ಕಟ್ಟಡದ್ದು, ಅಂಗಡಿಯದ್ದಲ್ಲ.