ಕೋಳಿಮರಿಗಳಿಗೆ ಮೊದಲ ವಾರಗಳ ಕಾವು
(ಕೆಲಗೇರಿಯಲ್ಲಿ ಹಾಲು ಉತ್ಪಾದಕ ಸದಸ್ಯರಿಗೆ ಪಶುವೈದ್ಯ ವಿಸ್ತರಣಾ ಅಧಿಕಾರಿಗಳು ನೀಡಿದ ಉಪನ್ಯಾಸ)



ಹಾಲಿನ ಸಂಘದಲ್ಲಿ ಕೋಳಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಎಮ್ಮೆ ಬತ್ತಿದ ತಿಂಗಳುಗಳಲ್ಲಿ ಸಂತೆಯ ಖರ್ಚಿಗೆ ತತ್ತಿಯ ದುಡ್ಡೇ ಆಸರೆ ಎಂಬುದು ಇಲ್ಲಿ ಕುಳಿತ ತಾಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಹುರುಪಿನಿಂದ 50 ಮರಿ ತಂದವರು ವಾರದೊಳಗೆ ಅರ್ಧ ಕಳೆದುಕೊಂಡು, "ಏನೋ ರೋಗ ಬಂತು ಸಾಹೇಬ್ರ" ಎನ್ನುತ್ತಾರೆ. ಬಹಳ ಸಲ ಅದು ರೋಗವಲ್ಲ, ಥಂಡಿ.

ಜವಾರಿ ಹೇಂಟೆಯ ಮೈಕಾವು ಸುಮಾರು 106 ಡಿಗ್ರಿ ಫ್ಯಾರನ್‌ಹೀಟ್. ಹತ್ತು ಹನ್ನೆರಡು ಮರಿಗಳನ್ನು ಅದು ರೆಕ್ಕೆಯಡಿ ಸಾಕಿಕೊಳ್ಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ ಮರಿಗಳಾದರೋ ತಾಯಿಯಿಲ್ಲದೆ ಪೆಟ್ಟಿಗೆಯಲ್ಲಿ ಬರುತ್ತವೆ. ಮೈಮೇಲೆ ಬರೀ ತುಪ್ಪಳ, ಗರಿ ಮೂಡಲು 3-4 ವಾರ ಬೇಕು. ಅಲ್ಲಿಯವರೆಗೆ ತಾಯಿಯ ಕೆಲಸ ನಿಮ್ಮದೇ.

ಮರಿ ತರುವ ಮೊದಲೇ ನೆಲಕ್ಕೆ 2 ಅಂಗುಲ ಒಣಗಿದ ಭತ್ತದ ಹೊಟ್ಟು ಹರಡಿರಿ. 50 ಮರಿಗಳಿಗೆ ಸುಮಾರು 5 ಅಡಿ ಅಗಲದ ದುಂಡನೆಯ ಆವರಣವನ್ನು ತಗಡಿನಿಂದಲೋ ದಪ್ಪ ರಟ್ಟಿನಿಂದಲೋ ಒಂದೂವರೆ ಅಡಿ ಎತ್ತರಕ್ಕೆ ಮಾಡಿರಿ. ಮೂಲೆಯಿದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಅದಕ್ಕೇ ದುಂಡಗೆ ಎಂದೆ. ನಡುವೆ ಬಿದಿರಿನ ಬುಟ್ಟಿಯನ್ನು ಬೋರಲಾಗಿ ತೂಗುಹಾಕಿ, ಒಳಗೆ ಬಲ್ಬು ಕಟ್ಟಿರಿ. ಮರಿಗೆ 2 ವ್ಯಾಟ್ ಲೆಕ್ಕ. ಒಂದೇ ದೊಡ್ಡ ಬಲ್ಬಿಗಿಂತ 60 ವ್ಯಾಟಿನ ಎರಡು ಲೇಸು. ಒಂದು ಸುಟ್ಟರೆ ಇನ್ನೊಂದು ಇರುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೂ ಎಲ್‌ಇಡಿ ಬಲ್ಬು ಬಂದಿದೆ. ಮನೆಗೆ ಅದು ಒಳ್ಳೆಯದೇ. ಮರಿಗಳಿಗೆ ಮಾತ್ರ ಅದರಿಂದ ಬೆಳಕು ಸಿಗುತ್ತದೆ, ಕಾವು ಸಿಗುವುದಿಲ್ಲ. ಬುಟ್ಟಿಯೊಳಗೆ ಹಳೆಯ ತಂತಿಯ ಬಲ್ಬೇ ಬೇಕು.

ಮೊದಲ ವಾರ ಬುಟ್ಟಿಯಡಿ 95 ಡಿಗ್ರಿ ಇರಬೇಕು. ಮುಂದೆ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ, ಅಂದರೆ ಬುಟ್ಟಿಯನ್ನು ಮೇಲೆತ್ತುತ್ತ ಹೋಗಿರಿ. ಥರ್ಮಾಮೀಟರ್ ಇಲ್ಲವೆಂದು ಚಿಂತಿಸಬೇಡಿ, ಮರಿಗಳನ್ನೇ ನೋಡಿರಿ. ಬಲ್ಬಿನಡಿ ಗುಂಪುಗೂಡಿ ಚೀಂವ್‌ಗುಟ್ಟಿದರೆ ಥಂಡಿ. ದೂರ ಸರಿದು ಬಾಯಿ ತೆರೆದು ತೇಕಿದರೆ ಸೆಕೆ. ಎಲ್ಲರೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಹರಡಿಕೊಂಡು ಮಲಗಿದ್ದರೆ ನೀವೂ ಹೋಗಿ ಮಲಗಬಹುದು.

ಮುಂಗಾರಿನಲ್ಲಿ ಪಡುವಣ ಗಾಳಿ ಕೆರೆಯ ತೇವ ಹೊತ್ತು ಬೀಸುತ್ತದೆ. ಆ ಕಡೆಗೆ ಪಶು ಆಹಾರದ ಖಾಲಿ ಚೀಲಗಳನ್ನು ಹೊಲಿದು ಪರದೆ ಕಟ್ಟಿರಿ, ಮೇಲೆ ಗೇಣು ಜಾಗ ಬಿಡಿ. ಚೀಲದ ಮಾತು ಬಂತೆಂದು ಹೇಳುತ್ತೇನೆ: ಪಶು ಆಹಾರವನ್ನು ಮರಿಗಳಿಗೆ ಹಾಕಬೇಡಿ, ಅದರಲ್ಲಿ ಯೂರಿಯಾ ಇರಬಹುದು. ಮೊದಲ ದಿನ ಗೋವಿನಜೋಳದ ಸಣ್ಣ ನುಚ್ಚು, ನಂತರ ಮರಿ ಆಹಾರ. ಬಂದ ಕೂಡಲೇ ಕಾಯಿಸಿ ಆರಿಸಿದ ಬೆಲ್ಲದ ನೀರನ್ನು ಆಳವಿಲ್ಲದ ತಾಟಿನಲ್ಲಿಡಿ.

ರಾತ್ರಿ ಕರೆಂಟು ಹೋದರೆ? ಇದ್ದಿಲ ಶೇಗಡಿ ಸಿದ್ಧವಿರಲಿ. ಹೊರಗೇ ಹೊತ್ತಿಸಿ, ಹೊಗೆ ಹೋಗಿ ಕೆಂಡವಾದ ಮೇಲೆ ಒಳಗಿಟ್ಟು ಸುತ್ತ ಜಾಳಿಗೆ ಕಟ್ಟಿರಿ. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ. ಕೋಣೆಯನ್ನು ಪೂರ್ತಿ ಮುಚ್ಚಬೇಡಿ, ಜನ ಮಲಗುವ ಕೋಣೆಯಲ್ಲಂತೂ ಶೇಗಡಿ ಬೇಡವೇ ಬೇಡ. ಮರಿ ಹತ್ತಿಪ್ಪತ್ತೇ ಇದ್ದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿಟ್ಟರೂ ಆದೀತು. ಥಂಡಿ ಹೆಚ್ಚುವುದು ನಸುಕಿನಲ್ಲಿ. ಹೇಗೂ ಹಾಲು ಹಿಂಡಲು ಏಳುತ್ತೀರಿ. ಕೊಟ್ಟಿಗೆಗೆ ಹೋಗುವ ಮೊದಲು ಮರಿಗಳ ಕಡೆ ಒಮ್ಮೆ ಇಣುಕಿರಿ.

ಕೊಕ್ಕರೆ ರೋಗಕ್ಕೆ 5ರಿಂದ 7ನೆಯ ದಿನದೊಳಗೆ ಲಸೋಟಾ ಲಸಿಕೆಯನ್ನು ಕಣ್ಣಿಗೆ ಹನಿಸಬೇಕು. ಅದಕ್ಕೆ ಕರೆಯಿರಿ, ಬರುತ್ತೇವೆ. ಲಸಿಕೆ ಹಾಕಿದ ರಾತ್ರಿ ಮಾತ್ರ ಕಾವು ಕಡಿಮೆಯಾಗದಂತೆ ನೋಡಿಕೊಳ್ಳಿರಿ.