ಡಾಬರ್‌ಮನ್‌ನ ಬಾಲ ಎಲ್ಲಿ ಹೋಯಿತು?

ಕಾರವಾರದಿಂದ ಅಂಕೋಲೆಯ ಕಡೆ ಹೆದ್ದಾರಿ ಹಿಡಿದರೆ ಬಿಣಗಾ ದಾಟಿದ ಮೇಲೆ ಅರ್ಗಾ ಸಿಗುತ್ತದೆ. ಸಮುದ್ರದ ಬದಿಗೆ ಕದಂಬ ನೌಕಾನೆಲೆ, ಇತ್ತ ಗುಡ್ಡ. ಈ ಸೀಮೆಯಲ್ಲಿ ಮೀನಿನ ಬುಟ್ಟಿ ಇಳಿದಲ್ಲೆಲ್ಲ ಒಂದೆರಡು ನಾಯಿ ಹಾಜರ್. ಬಂಗಡೆಯ ತಲೆ ಯಾವಾಗ ಬೀಳುತ್ತದೋ ಎಂದು ಕಾಯುವ ಆ ಊರನಾಯಿಗಳ ಬಾಲ ನೋಡಿ: ಮೇಲಕ್ಕೆದ್ದು, ಬೆನ್ನ ಮೇಲೆ ಡೊಂಕಾಗಿ ಬಾಗಿರುತ್ತದೆ. ಈಗ ಪೇಟೆಯಲ್ಲಿ ಗೇಟಿನ ಒಳಗಿಂದ ಬೊಗಳುವ ಡಾಬರ್‌ಮನ್ ನೋಡಿ. ಬಾಲ ಇರಬೇಕಾದ ಕಡೆ ಹೆಚ್ಚಾಗಿ ಒಂದು ಮೋಟು!

ಅದು ಹುಟ್ಟುವುದೇ ಹಾಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ ಮಕ್ಕಳೇ. ಡಾಬರ್‌ಮನ್ ಮರಿಗೆ ಹುಟ್ಟುವಾಗ ಉದ್ದನೆಯ ಸಪೂರ ಬಾಲ ಇರುತ್ತದೆ. ಮೂರರಿಂದ ಐದು ದಿನದ ಮರಿಯಾಗಿದ್ದಾಗಲೇ ಮನುಷ್ಯರು ಅದನ್ನು ಕತ್ತರಿಸುತ್ತಾರೆ. ಆಗಿನ್ನೂ ಮರಿ ಕಣ್ಣು ಬಿಟ್ಟಿರುವುದಿಲ್ಲ. ಅಷ್ಟು ಎಳೆಯದಕ್ಕೆ ನೋವು ತಿಳಿಯುವುದಿಲ್ಲ ಎನ್ನುವವರಿದ್ದಾರೆ. ಆದರೆ ಕತ್ತರಿಸುವ ಹೊತ್ತಿಗೆ ಮರಿ ಕಿರುಚುತ್ತದಲ್ಲ?

ಯಾಕೆ ಕತ್ತರಿಸುತ್ತಾರೆ ಎಂದು ಕೇಳುತ್ತ ಹೋದರೆ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ರೋಮ್ ಸಾಮ್ರಾಜ್ಯದಲ್ಲಿ ಬೇಸಾಯದ ಬಗ್ಗೆ ಪುಸ್ತಕ ಬರೆದ ಕೊಲುಮೆಲ್ಲಾ ಎಂಬಾತ ಒಂದು ಸಂಗತಿ ದಾಖಲಿಸಿದ್ದಾನೆ. ಮರಿಗೆ ನಲವತ್ತು ದಿನವಾದಾಗ ಬಾಲದ ತುದಿಯನ್ನು ಕಚ್ಚಿ ತೆಗೆದರೆ ಅದಕ್ಕೆ ಹುಚ್ಚು ಹಿಡಿಯುವುದಿಲ್ಲ ಎಂದು ಕುರಿ ಕಾಯುವವರು ನಂಬಿದ್ದರಂತೆ. ಕಚ್ಚುವುದು ಅಂದರೆ ಹಲ್ಲಿನಿಂದಲೇ! ಹುಚ್ಚು ತರುವುದು ಒಂದು ವೈರಸ್. ಅದಿರುವುದು ರೋಗ ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ. ಗಾಯದೊಳಗೆ ಸೇರಿ ನರಗಳ ಗುಂಟ ಮಿದುಳಿಗೆ ಹೋಗುತ್ತದೆ. ಇದೆಲ್ಲ ಆ ಕುರಿಗಾಹಿಗಳಿಗೆ ತಿಳಿಯುವ ದಾರಿಯೇ ಇರಲಿಲ್ಲ ಬಿಡಿ. ಹುಚ್ಚು ತಡೆಯುವ ಲಸಿಕೆಯನ್ನು ಲೂಯಿ ಪಾಶ್ಚರ್ ಮೊದಲ ಬಾರಿ ಒಬ್ಬ ಒಂಬತ್ತು ವರ್ಷದ ಹುಡುಗನಿಗೆ ಕೊಡಿಸಿದ್ದು 1885ರಲ್ಲಿ. (ಮಾತು ಬಂತು ಅಂತ ಹೇಳಿಬಿಡುತ್ತೇನೆ: ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಪ್ಪ ಅಮ್ಮ ಬೈಯುತ್ತಾರೆಂದು ಮುಚ್ಚಿಡಬೇಡಿ.)

ಆಮೇಲೆ ಬೇರೆ ಬೇರೆ ಕಾರಣ ಹುಟ್ಟಿಕೊಂಡವು. ಬ್ರಿಟನ್ನಿನಲ್ಲಿ 1796ರಲ್ಲಿ ನಾಯಿಗೂ ತೆರಿಗೆ ಬಂತು. ದುಡಿಯುವ ನಾಯಿಗೆ ವಿನಾಯಿತಿ, ಅದರ ಗುರುತಿಗೆ ಮೋಟು ಬಾಲ ಎಂಬ ಮಾತು ಚಾಲ್ತಿಯಲ್ಲಿದೆ. ಕಾವಲು ನಾಯಿಗಾದರೆ ಕಳ್ಳನ ಕೈಗೆ ಬಾಲ ಸಿಗಬಾರದು ಎಂಬ ಕಾರಣ. ಜರ್ಮನಿಯ ಅಪೋಲ್ಡಾ ಊರಿನಲ್ಲಿ ಡಾಬರ್‌ಮನ್ ತಳಿ ಬೆಳೆಸಿದವನು ತೆರಿಗೆ ವಸೂಲಿ ಮಾಡುತ್ತಿದ್ದ ಮನುಷ್ಯ, ಅವನಿಗೆ ಜೋರು ನಾಯಿ ಬೇಕಿತ್ತು. ಇನ್ನು ಬೇಟೆಯವರು ಹೇಳುವುದು, ಮುಳ್ಳುಪೊದೆಗೆ ನುಗ್ಗುವ ನಾಯಿಯ ಬಾಲ ಹರಿದು ಗಾಯವಾಗುತ್ತದೆ ಎಂದು. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಬ್ರಿಟನ್ನಿನ ಪಶುವೈದ್ಯರು ಲೆಕ್ಕ ಹಾಕಿದಾಗ, ಒಂದು ನಾಯಿಯ ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು ಎಂದು ಕಂಡಿತು. ನನಗಂತೂ ಇದು ದುಬಾರಿ ವ್ಯಾಪಾರ. ನಾರ್ವೆ 1987ರಲ್ಲೇ ಇದನ್ನು ನಿಲ್ಲಿಸಿತು. ಇಂಗ್ಲೆಂಡ್ 2007ರಲ್ಲಿ, ಕೆಲವು ದುಡಿಯುವ ನಾಯಿಗಳನ್ನು ಬಿಟ್ಟು, ನಿಷೇಧಿಸಿತು.

ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಬೇಟೆನಾಯಿಯೇ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು. ಅದಕ್ಕೆ ಉದ್ದನೆಯ, ತುದಿಗೆ ಹೋದಂತೆ ಸಪೂರವಾಗುವ ಬಾಲವಿದೆ, ಕತ್ತರಿಸುವ ಪದ್ಧತಿಯಿಲ್ಲ. ಅದು ಪೊದೆಯೊಳಗೆ ಮೂಸುತ್ತ ನುಗ್ಗುವ ಜಾತಿಯಲ್ಲ, ಬಯಲಿನಲ್ಲಿ ಮೊಲವನ್ನು ಕಣ್ಣಾರೆ ಕಂಡು ಅಟ್ಟಿಸಿಕೊಂಡು ಹೋಗುವ ಜಾತಿ.

ಸರಿ, ಡಾಬರ್‌ಮನ್ ಬಾಲವನ್ನು ಅಷ್ಟೊಂದು ತಲೆಮಾರು ಕತ್ತರಿಸಿದರೂ ಮರಿ ಯಾಕೆ ಬಾಲ ಇಟ್ಟುಕೊಂಡೇ ಹುಟ್ಟುತ್ತದೆ? ಆಗಸ್ಟ್ ವೈಸ್‌ಮನ್ ಎಂಬ ಜರ್ಮನ್ ವಿಜ್ಞಾನಿ 1880ರ ದಶಕದಲ್ಲಿ ಇದನ್ನೇ ಇಲಿಗಳಲ್ಲಿ ನೋಡಿದ. ಐದು ತಲೆಮಾರು ಬಾಲ ಕತ್ತರಿಸಿದ. ಹುಟ್ಟಿದ 901 ಮರಿಗಳಲ್ಲಿ ಒಂದಕ್ಕಾದರೂ ಮೋಟು ಬಾಲ ಇರಲಿಲ್ಲ. ನಮ್ಮಲ್ಲಿ ಎಷ್ಟು ತಲೆಮಾರಿನಿಂದ ಕಿವಿ ಚುಚ್ಚುತ್ತಿದ್ದಾರೆ, ತೂತು ಇಟ್ಟುಕೊಂಡು ಹುಟ್ಟಿದ ಪಾಪು ಕಂಡಿದ್ದೀರಾ? ಮರಿಗೆ ದಾಟುವುದು ತಾಯಿಯ ಅಂಡಾಣು, ತಂದೆಯ ವೀರ್ಯಾಣುಗಳಲ್ಲಿರುವ ಜೀನುಗಳು. ಕತ್ತರಿ ಅವುಗಳನ್ನು ಮುಟ್ಟುವುದೇ ಇಲ್ಲ. ಪೆಂಬ್ರೋಕ್ ಕಾರ್ಗಿಯಂಥ ಕೆಲವು ತಳಿಗಳಲ್ಲಿ ಮಾತ್ರ ಹುಟ್ಟಿನಿಂದಲೇ ಮೋಟು ಬಾಲದ ಮರಿಗಳಿರುತ್ತವೆ. ಅಲ್ಲಿ ಒಂದು ಜೀನೇ ಬದಲಾಗಿದೆ.

ಬಾಲ ಹೋದರೆ ನಾಯಿಗೆ ಏನು ನಷ್ಟ? ಮುಖ್ಯವಾಗಿ ಮಾತು. ಕೆನಡಾದಲ್ಲಿ ಇಬ್ಬರು ಸಂಶೋಧಕರು ಒಂದು ಯಂತ್ರನಾಯಿ ಮಾಡಿ ಅದಕ್ಕೆ ಒಮ್ಮೆ ಉದ್ದ ಬಾಲ, ಒಮ್ಮೆ ಗಿಡ್ಡ ಬಾಲ ಜೋಡಿಸಿದರು. ಉದ್ದ ಬಾಲ ಆಡುತ್ತಿದ್ದಾಗ ನಿಜವಾದ ನಾಯಿಗಳು ಹೆಚ್ಚಾಗಿ ಹತ್ತಿರ ಬಂದವು, ಅದೇ ಬಾಲ ನೆಟ್ಟಗೆ ನಿಂತಿದ್ದರೆ ಹಿಂಜರಿದವು. ಗಿಡ್ಡ ಬಾಲ ಆಡಿದರೂ ಒಂದೇ, ನಿಂತರೂ ಒಂದೇ. ಅದು ಏನು ಹೇಳುತ್ತಿದೆ ಎಂದು ಅವಕ್ಕೆ ಗೊತ್ತೇ ಆಗಲಿಲ್ಲ.

ಇಟಲಿಯವರು 2007ರಲ್ಲಿ ಇನ್ನೊಂದು ಮೋಜು ಕಂಡರು. ನಾಯಿ ತನ್ನ ಯಜಮಾನನನ್ನು ಕಂಡಾಗ ಬಾಲ ಅದರ ಬಲಕ್ಕೆ ಹೆಚ್ಚು ವಾಲುತ್ತದೆ, ಗುರುತಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. ನಿಮ್ಮ ಮನೆ ನಾಯಿಯಲ್ಲಿ ಇದನ್ನು ನೋಡಬಹುದು. ಹಿಂದಿನಿಂದ ನೋಡಿದರೆ ಲೆಕ್ಕ ಸುಲಭ. ಎದುರಿಗೆ ನಿಂತರೆ ಅದರ ಬಲ ನಿಮಗೆ ಎಡಗಡೆಗೆ ಬರುತ್ತದೆ. ಬೀದಿಯ ಅಪರಿಚಿತ ನಾಯಿಯ ಹಿಂದೆ ಮಾತ್ರ ಈ ಪರೀಕ್ಷೆಗೆ ಹೋಗಬೇಡಿ. ಬಾಲ ಮೇಲೆತ್ತಿ, ಸೆಟೆಸಿ, ತುದಿ ಮಾತ್ರ ಪಟಪಟ ಆಡಿಸುತ್ತಿದ್ದರೆ ಅದು ಖುಷಿಯಲ್ಲ, ದೂರ ಇರು ಎಂಬ ಎಚ್ಚರಿಕೆ.