ಮೊದಲು ಹೆಸರು ಕೇಳಿ



ನಾರಾವಿ ಪೇಟೆಯ ಬಸ್ ತಂಗುದಾಣದಲ್ಲಿ ಜಡೆಗಟ್ಟಿದ ಕೂದಲಿನ ಅಪರಿಚಿತರೊಬ್ಬರು ಕುಳಿತಿದ್ದರೆ ನೀವೇನು ಮಾಡುತ್ತೀರಿ? ಚಹಾ ಕೊಡಿಸಬಹುದು, ಇಲ್ಲವೇ 'ಹುಚ್ಚ' ಎಂದು ದೂರ ಸರಿಯಬಹುದು.

ನಮ್ಮ ಬೆಳ್ತಂಗಡಿ ತಾಲೂಕಿನ ಗಂಡಿಬಾಗಿಲಿನ ಸಿಯೋನ್ ಆಶ್ರಮ ಮತ್ತು ಜೋಸೆಫ್ ಕ್ರಾಸ್ತಾ ಅವರು 2009ರಲ್ಲಿ ಮಂಜೇಶ್ವರದಲ್ಲಿ ಆರಂಭಿಸಿದ ಸ್ನೇಹಾಲಯ ಇಂಥವರಿಗೆ ಆಸರೆಯಾಗಿವೆ. ಸ್ನೇಹಾಲಯದಲ್ಲಿ ಮೊದಲು ಸ್ನಾನ, ಬಟ್ಟೆ, ಊಟ; ಬಳಿಕ ಮನೋವೈದ್ಯರ ಚಿಕಿತ್ಸೆ. ಗುಣಮುಖರಾಗುತ್ತಾ ಬಂದಂತೆ ಅವರ ಮಾತಿನಿಂದಲೇ ಊರಿನ ಸುಳಿವು ಸಿಗುತ್ತದೆ. ಆಮೇಲೆ ಮನೆಯವರ ಹುಡುಕಾಟ. ಹೀಗೆ ಉತ್ತರ ಭಾರತದ ಎಷ್ಟೋ ಮಂದಿ ತಮ್ಮ ಮನೆ ಸೇರಿದ್ದಾರೆ. ಮನೆ ಸೇರಿದ ಮೇಲೂ ಔಷಧಿ ನಿಲ್ಲಿಸಬಾರದು.

ಭಾಷೆ ಕಲಿಸುವ ನನಗೆ ಇದರಲ್ಲೊಂದು ಪಾಠವಿದೆ. ತುಳು, ಬ್ಯಾರಿ, ಕನ್ನಡ ಯಾವುದೂ ತಿಳಿಯದೆ ಅವರು ಮೌನವಾಗಿರಬಹುದು. ನೀವು ಕಲಿತ ನಾಲ್ಕು ಮಾತು ಉರ್ದುವಿನಲ್ಲಿ "ಆಪ್ ಕಾ ನಾಮ್ ಕ್ಯಾ ಹೈ?" ಎಂದು ಕೇಳಿ ನೋಡಿ. ಹಿಂದಿಯವರಿಗೂ ಅದು ಅರ್ಥವಾಗುತ್ತದೆ.

ಬಳಿಕ ಠಾಣೆಗೆ ತಿಳಿಸಿ. ಮಾನಸಿಕ ಅಸ್ವಸ್ಥರಾಗಿ ಅಲೆಯುವವರಿಗೆ ರಕ್ಷಣೆ ಕೊಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಪೊಲೀಸರ ಕರ್ತವ್ಯ. ಎಲ್ಲೋ ಒಂದು ಮನೆಯಲ್ಲಿ ಅವರ ದಾರಿ ಕಾಯುವವರು ಇರಬಹುದು.